ಮದುವೆ ಊಟದ ಫೋಟೊ ‘ಕೊನೆಯ ಭೋಜನ’ದಂತೆ ಬಂದಿದೆ, ಸ್ಪರ್ಧೆಗೆ ಕಳಿಸಬಹುದೇ?

ಗಾಂಧಿಬಜಾರಿನವಳು
ಹೆಸರಿಗೆ ಗಾಂಧಿಬಜಾರಿನವಳು, ವಾಸ ಈಗ ಕನಕಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ. ನಮ್ಮ ನಿವಾಸಿಗಳ ಸಂಘದವರು ರಾಜ್ಯೋತ್ಸವಕ್ಕೆ ಫೋಟೊ ಸ್ಪರ್ಧೆ ಇಟ್ಟಿದ್ದಾರೆ. ಪ್ರಸಿದ್ಧ ವರ್ಣಚಿತ್ರವೊಂದನ್ನು ಫೋಟೊದಲ್ಲಿ ಮರುಸೃಷ್ಟಿಸಬೇಕಂತೆ. ನನ್ನ ಮೊಬೈಲಿನಲ್ಲಿ ಅಂಥದ್ದೊಂದು ಆಗಲೇ ಇದೆ. ತೊಂದರೆ ಏನೆಂದರೆ ಅದನ್ನು ನಾನು ಸೃಷ್ಟಿಸಿಲ್ಲ, ತಾನಾಗಿ ಆಗಿಬಿಟ್ಟಿದೆ.

ಕಳೆದ ಜೂನ್‌ನಲ್ಲಿ ಸೋದರತ್ತೆಯ ಮಗನ ಮದುವೆ, ಜಯನಗರದ ಕಲ್ಯಾಣ ಮಂಟಪದಲ್ಲಿ. ಎರಡನೆಯ ಪಂಕ್ತಿ. ಉದ್ದನೆಯ ಮೇಜಿಗೆ ಬಿಳಿ ಕಾಗದದ ಸುರುಳಿ ಹಾಸಿ ಎಲೆ ಹಾಕಿದ್ದರು. ನಮ್ಮ ಕಡೆಯವರೆಲ್ಲ ಒಂದೇ ಬದಿಯಲ್ಲಿ ಸಾಲಾಗಿ ಕುಳಿತಿದ್ದರು. ಎದುರು ನಿಂತು ಒಂದು ಫೋಟೊ ತೆಗೆದೆ, ಅಷ್ಟೇ. ಮನೆಗೆ ಬಂದು ನೋಡಿದರೆ ಲಿಯೊನಾರ್ಡೊ ಡ ವಿಂಚಿಯ ‘ಕೊನೆಯ ಭೋಜನ’, ಯೇಸು ತನ್ನ ಹನ್ನೆರಡು ಶಿಷ್ಯರೊಡನೆ ಕೊನೆಯ ಸಲ ಊಟಕ್ಕೆ ಕುಳಿತ ಚಿತ್ರ! ಎಣಿಸಿದೆ, ಸರಿಯಾಗಿ ಹದಿಮೂರು ಜನ. ನಡುವೆ ದೊಡ್ಡಪ್ಪ, ಎರಡೂ ಕೈ ಎಲೆಯ ಆಚೆ ಈಚೆ ಚಾಚಿದ್ದಾರೆ, ತಲೆ ಕೊಂಚ ಓರೆ, ಕಣ್ಣು ಕೆಳಕ್ಕೆ. ಪಕ್ಕದಲ್ಲೇ ಸೋದರಮಾವ ತೋರುಬೆರಳು ಮೇಲೆತ್ತಿದ್ದಾರೆ. ಎಡತುದಿಯಲ್ಲಿ ಒಬ್ಬರು ಮೇಜಿಗೆ ಕೈಯೂರಿ ಅರ್ಧ ಎದ್ದಿದ್ದಾರೆ. ಎಡದಿಂದ ನಾಲ್ಕನೆಯವರು ಚಿಕ್ಕಪ್ಪ, ಹಳದಿ ಬಟ್ಟೆಯ ಕೈಚೀಲವನ್ನು ಎದೆಗವಚಿಕೊಂಡು ಹಿಂದಕ್ಕೆ ವಾಲಿದ್ದಾರೆ. ದೊಡ್ಡಪ್ಪನ ಬೆನ್ನ ಹಿಂದೆ ಕೈ ತೊಳೆಯುವ ಜಾಗಕ್ಕೆ ಹೋಗುವ ಬಾಗಿಲು, ಅಲ್ಲಿಂದ ಬೆಳಕು.

ಇದನ್ನು ‘ಮರುಸೃಷ್ಟಿ’ ಎಂದು ಕಳಿಸಿದರೆ ಸುಳ್ಳಾಗುತ್ತದೆಯೇ? ಕಳಿಸಬಾರದು ಎಂದಾದರೆ, ಹೊಸದಾಗಿ ಯಾವ ಚಿತ್ರವನ್ನು ಪ್ರಯತ್ನಿಸಲಿ?

ಸುಮ್ಮನೆ ಓದುವವನು
ಫೋಟೊ ಹಾಕದೆ ಫೋಟೊ ಬಗ್ಗೆ ಚರ್ಚೆ. ಎಲೆ ಹಾಕಿ ಊಟ ಬಡಿಸದ ಹಾಗಾಯಿತು.

ಗಾಂಧಿಬಜಾರಿನವಳು
ಹದಿಮೂರು ಜನರ ಮುಖಗಳಿವೆ, ಯಾರನ್ನೂ ಕೇಳಿಲ್ಲ. ಕ್ಷಮಿಸಿ.

ಕುಂಚಪ್ರಿಯ
ಚಿತ್ರಕಲೆ ಕಲಿಸುವವನು ನಾನು, ಆದ್ದರಿಂದ ಸ್ವಲ್ಪ ಉದ್ದವಾಗುತ್ತದೆ.

ಇದು ಆಕಸ್ಮಿಕ ಎನ್ನುತ್ತೀರಿ, ನನಗೆ ಅಷ್ಟೇನೂ ಆಕಸ್ಮಿಕ ಅನ್ನಿಸುವುದಿಲ್ಲ. ಮನುಷ್ಯರು ಮೇಜಿನ ಒಂದೇ ಬದಿಯಲ್ಲಿ ಕುಳಿತು ಉಣ್ಣುವುದು ಲೋಕದಲ್ಲಿ ಎರಡೇ ಕಡೆ, ಒಂದು ‘ಕೊನೆಯ ಭೋಜನ’ದಲ್ಲಿ, ಇನ್ನೊಂದು ನಮ್ಮ ಮದುವೆಗಳಲ್ಲಿ. ಎಲ್ಲರ ಮುಖವೂ ನಮಗೆ ಕಾಣಬೇಕು ಎಂಬುದು ಲಿಯೊನಾರ್ಡೊನ ಕಾರಣ. ಬಡಿಸುವವರಿಗೆ ಓಡಾಡಲು ಜಾಗ ಬೇಕು ಎಂಬುದು ನಮ್ಮ ಕಾರಣ. ಅವನಿಗಿಂತ ಮುಂಚೆ ಇದೇ ಪ್ರಸಂಗವನ್ನು ಬರೆದ ಕಸ್ತಾನ್ಯೊ, ಗಿರ್ಲಾಂದಾಯೊ ಅವರೆಲ್ಲ ಯೇಸುವನ್ನು ಹಿಡಿದುಕೊಟ್ಟ ದ್ರೋಹಿ ಶಿಷ್ಯ ಯೂದನೊಬ್ಬನನ್ನು ಮಾತ್ರ ಮೇಜಿನ ಈಚೆ ಬದಿಗೆ ಕೂರಿಸಿಬಿಡುತ್ತಿದ್ದರು, ನೋಡಿದ ಕೂಡಲೇ ಇವನೇ ಎಂದು ಗೊತ್ತಾಗಲಿ ಎಂದು. ಲಿಯೊನಾರ್ಡೊ ಅವನನ್ನು ಉಳಿದವರ ಸಾಲಿಗೇ ಸೇರಿಸಿದ. ಹೆಸರು ಹಿಡಿದು ಎಣಿಸುವ ಕ್ರಮದಲ್ಲಿ ಎಡದಿಂದ ನಾಲ್ಕನೆಯವನು. ಕೈಯಲ್ಲಿ ಹಣದ ಚೀಲ ಹಿಡಿದು ಹಿಂದಕ್ಕೆ ವಾಲಿದ್ದಾನೆ. ನಿಮ್ಮ ಚಿಕ್ಕಪ್ಪನವರು ಬೇಸರಿಸಬಾರದು.

ಇನ್ನೊಂದು ವಿಷಯ. ಅದು 1495ರಿಂದ 1498ರ ನಡುವೆ ಮಿಲಾನಿನ ಒಂದು ಮಠದ ಊಟದ ಕೋಣೆಯ ಗೋಡೆಗೆ ಬರೆದ ಚಿತ್ರ, ಸುಮಾರು 8.8 ಮೀಟರ್ ಅಗಲ. ಸನ್ಯಾಸಿಗಳು ಅದರ ಎದುರಿಗೇ ಕುಳಿತು ಉಣ್ಣುತ್ತಿದ್ದರು. ಮುಂದೆ 1652ರಲ್ಲಿ ಬಾಗಿಲು ದೊಡ್ಡದು ಮಾಡಲು ಹೋಗಿ ಯೇಸುವಿನ ಪಾದಗಳನ್ನೇ ಕತ್ತರಿಸಿ ಹಾಕಿದರು. ನಿಮ್ಮ ಫೋಟೊದಲ್ಲಿ ಕಾಲುಗಳು ಬಂದಿವೆಯೇ?

ಗಾಂಧಿಬಜಾರಿನವಳು
ಬಂದಿಲ್ಲ! ಕಾಗದದ ಹಾಸು ಮೊಣಕಾಲಿನವರೆಗೆ ಇಳಿಬಿದ್ದಿತ್ತು. ಚಿಕ್ಕಪ್ಪ ಮಾತ್ರ ಬಹಳ ಒಳ್ಳೆಯವರು, ಆ ಚೀಲವನ್ನು ಅವರು ದೇವಸ್ಥಾನಕ್ಕೂ ಬಿಡದೆ ಒಯ್ಯುತ್ತಾರೆ.

ತಕರಾರು ಖಾತೆ
ಹದಿಮೂರು ಜನ ಸಾಲಾಗಿ ಕುಳಿತ ಮಾತ್ರಕ್ಕೆ ‘ಕೊನೆಯ ಭೋಜನ’ವೇ? ಹಾಗಾದರೆ ನಮ್ಮ ಕಚೇರಿಯ ಸಭೆಯೂ ಅದೇ. ಈಗಿನವರಿಗೆ ಇದೊಂದು ಚಟ. 2015ರ ಕೊನೆಯ ರಾತ್ರಿ ಮ್ಯಾಂಚೆಸ್ಟರಿನಲ್ಲಿ ಜೋಯೆಲ್ ಗುಡ್‌ಮನ್ ಎಂಬ ಛಾಯಾಗ್ರಾಹಕ ತೆಗೆದ ಒಂದು ಫೋಟೊ ನೆನಪಿದೆಯೇ? ರಸ್ತೆಯಲ್ಲಿ ಒಬ್ಬ ಕುಡಿದು ಬಿದ್ದುಕೊಂಡು ಬಾಟಲಿಯತ್ತ ಕೈ ಚಾಚಿದ್ದಾನೆ, ಆಚೆ ಪೊಲೀಸರು ಯಾರನ್ನೋ ಹಿಡಿದಿದ್ದಾರೆ. ಯುರೋಪಿನ ನವೋದಯ (ರೆನೆಸಾನ್ಸ್) ಕಾಲದ ವರ್ಣಚಿತ್ರದ ಹಾಗಿದೆ ಎಂದು ಊರೆಲ್ಲ ಕುಣಿದರು, ಅದರ ಮೇಲೆ ಅಂದದ ಅಳತೆ ಎನ್ನುವ ಸುವರ್ಣಾನುಪಾತದ ಸುರುಳಿ ಎಳೆದು ತೋರಿಸಿದರು. ಆ ಸುರುಳಿಯನ್ನು ಜಿಲೇಬಿಯ ಮೇಲೆ ಎಳೆದರೂ ಕೂರುತ್ತದೆ.

ಕುಂಚಪ್ರಿಯ
ಸುರುಳಿಯ ವಿಷಯದಲ್ಲಿ ನಿಮ್ಮ ಪಕ್ಷ ನಾನು. ಆ ಫೋಟೊ ಚೆನ್ನಾಗಿರಲು ಅದಲ್ಲ ಕಾರಣ. ಅಲ್ಲಿ ಪ್ರತಿಯೊಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದಾರೆ, ಆದರೂ ಎಲ್ಲರೂ ಒಂದೇ ಘಟನೆಯೊಳಗೆ ಇದ್ದಾರೆ. ಹಳೆಯ ವರ್ಣಚಿತ್ರಕಾರರು ತಿಂಗಳುಗಟ್ಟಲೆ ಕುಳಿತು ಹೊಂದಿಸುತ್ತಿದ್ದುದು ಅದನ್ನೇ. ಸಾಮಾನ್ಯ ಗುಂಪು ಫೋಟೊದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಾರೆ, ಕಥೆ ಅಲ್ಲಿಗೆ ಸತ್ತಿತು.

ಅದಕ್ಕೇ ಗಾಂಧಿಬಜಾರಿನವರನ್ನು ಒಂದು ಮಾತು ಕೇಳಬೇಕು. ‘ನಿಮ್ಮಲ್ಲೊಬ್ಬ ನನಗೆ ದ್ರೋಹ ಬಗೆಯುತ್ತಾನೆ’ ಎಂದು ಯೇಸು ಹೇಳಿದ ಮರುಕ್ಷಣ ಲಿಯೊನಾರ್ಡೊನ ಚಿತ್ರದಲ್ಲಿರುವುದು. ನಿಮ್ಮ ಮಂಟಪದಲ್ಲಿ ಆ ಗಳಿಗೆಗೆ ಸರಿಯಾಗಿ ಯಾರು ಏನು ಹೇಳಿದರು? ಏನೂ ಇಲ್ಲದೆ ಹದಿಮೂರು ಜನ ಒಟ್ಟಿಗೆ ಹಾಗೆ ಆಡುವುದಿಲ್ಲ.

ಗಾಂಧಿಬಜಾರಿನವಳು
ಅಯ್ಯೋ, ಇದನ್ನು ಯೋಚಿಸಿಯೇ ಇರಲಿಲ್ಲ. ನೆನಪಿದೆ. ಬಡಿಸುವವರು ತಟ್ಟೆ ಹಿಡಿದು ಬಂದು ‘ಹೋಳಿಗೆ ಮುಗಿಯಿತು, ಜಾಮೂನು ಹಾಕಲೇ?’ ಎಂದರು. ದೊಡ್ಡಪ್ಪ ಎರಡೂ ಕೈ ಚಾಚಿದ್ದು ಜಾಮೂನು ಬೇಡವೆಂದು. ಸೋದರಮಾವ ಬೆರಳೆತ್ತಿದ್ದು ‘ಒಂದಾದರೂ ಇದೆಯೇ ನೋಡಪ್ಪ’ ಎಂದು. ಎಡತುದಿಯವರು ಎದ್ದದ್ದು ಅಡುಗೆಮನೆಗೆ ಹೋಗಿ ವಿಚಾರಿಸಲು.

ಸುಮ್ಮನೆ ಓದುವವನು
ದ್ರೋಹವೇ ಬಿಡಿ.

ಬನಶಂಕರಿ ಬಸ್ಸು
ಎರಡನೆಯ ಪಂಕ್ತಿಗೇ ಹೋಳಿಗೆ ಮುಗಿಯಿತೇ? ಅಡುಗೆ ಕಂಟ್ರ್ಯಾಕ್ಟರ್ ಯಾರು?

ಗಾಂಧಿಬಜಾರಿನವಳು
ಹೆಸರು ಹೇಳುವುದಿಲ್ಲ. ಎಲೆಗೆ ಎರಡರಂತೆ ಲೆಕ್ಕ ಕೊಟ್ಟಿದ್ದೆವು ಎಂದು ಅತ್ತೆ ಇಂದಿಗೂ ಹೇಳುತ್ತಾರೆ.

ಕೋಲ್ಸ್ ಪಾರ್ಕ್
ನಮ್ಮ ಮನೆಯ ಊಟದ ಕೋಣೆಯಲ್ಲಿ ಈ ಚಿತ್ರದ ಪ್ರತಿ ಅಜ್ಜಿಯ ಕಾಲದಿಂದಲೂ ಇದೆ. ಓದಿ ಬೇಸರವಾಗಲಿಲ್ಲ, ನಗು ಬಂತು. ಒಂದು ಸೇರಿಸುತ್ತೇನೆ. ಮೇಜಿನ ಮೇಲೆ ಯೂದನ ಮೊಣಕೈ ಬಳಿ ಉಪ್ಪಿನ ಬಟ್ಟಲು ಉರುಳಿದೆ. ಮೂಲದಲ್ಲಿ ಬಣ್ಣ ಉದುರಿ ಈಗ ಸರಿಯಾಗಿ ಕಾಣುವುದಿಲ್ಲ, ಹಳೆಯ ನಕಲುಗಳಲ್ಲಿ ಸ್ಪಷ್ಟವಾಗಿದೆ. ನಿಮ್ಮಲ್ಲಿ ಉಪ್ಪು ಎಲೆಯ ತುದಿಯಲ್ಲೇ ಇರುತ್ತದೆ, ಉರುಳುವ ಭಯವಿಲ್ಲ.

ಮಲ್ಲೇಶ್ವರದ ಮಾವಿನೆಲೆ
ಹೊಸದಾಗಿ ತೆಗೆಯುವುದಾದರೆ ಇದೆಲ್ಲ ಬೇಡ, ನಮ್ಮದನ್ನೇ ಮಾಡಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ದೀಪ ಹಿಡಿದ ಹೆಂಗಸು. ಒಂದು ಸೀರೆ, ಒಂದು ದೀಪ, ಕತ್ತಲೆ ಕೋಣೆ. ಮುಗಿಯಿತು.

ಕುಂಚಪ್ರಿಯ
ಅದು ರವಿವರ್ಮನದಲ್ಲ. ಈ ಮಾತನ್ನು ವರ್ಷಕ್ಕೆ ಹತ್ತು ಸಲವಾದರೂ ಹೇಳುತ್ತೇನೆ. ಬರೆದವರು ಎಸ್. ಎಲ್. ಹಲ್ದಂಕರ್, ಸಾವಂತವಾಡಿ ಕಡೆಯವರು. ಕಾಲ 1945–46. ರವಿವರ್ಮ 1906ರಲ್ಲೇ ತೀರಿಕೊಂಡಿದ್ದರು. ರೂಪದರ್ಶಿಯಾಗಿ ನಿಂತವರು ಹಲ್ದಂಕರರ ಮಗಳು. ಎಲ್ಲಕ್ಕಿಂತ ಮುಖ್ಯವಾಗಿ ಅದು ತೈಲವರ್ಣವಲ್ಲ, ಜಲವರ್ಣ. ಜಲವರ್ಣದಲ್ಲಿ ಬೆಳಕೆಂದರೆ ಬಿಟ್ಟ ಕಾಗದದ ಬಿಳುಪು, ಮೇಲಿನಿಂದ ಬಳಿದ ಬಣ್ಣವಲ್ಲ. ಕತ್ತಲೆಯನ್ನು ಸುತ್ತಲೂ ಕಟ್ಟುತ್ತ ಬಂದು ದೀಪವನ್ನು ಉಳಿಸಿಕೊಳ್ಳಬೇಕು.

ಮಲ್ಲೇಶ್ವರದ ಮಾವಿನೆಲೆ
ನಲವತ್ತು ವರ್ಷದಿಂದ ಮನೆಗೆ ಬಂದ ನೆಂಟರಿಗೆಲ್ಲ ರವಿವರ್ಮ ಎಂದೇ ಹೇಳಿದ್ದೇನೆ. ಯಾರೊಬ್ಬರೂ ತಿದ್ದಲಿಲ್ಲವಲ್ಲ!

ಹಳೇ ರೋಲು
‘ಒಂದು ದೀಪ, ಕತ್ತಲೆ ಕೋಣೆ, ಮುಗಿಯಿತು’ ಎಂದವರು ಒಮ್ಮೆ ತೆಗೆದು ನೋಡಬೇಕು. ಅವೆನ್ಯೂ ರಸ್ತೆ ಬಳಿಯ ಸ್ಟುಡಿಯೊವೊಂದರಲ್ಲಿ 1978ರಿಂದ ಕೆಲಸ ಮಾಡಿದವನು ನಾನು. ಈ ದೀಪದ ಭಂಗಿಯನ್ನು ಕೇಳಿಕೊಂಡು ಬಂದ ಮದುವಣಗಿತ್ತಿಯರಿಗೆ ಲೆಕ್ಕವಿಲ್ಲ.

ನಿಜವಾದ ಎಣ್ಣೆ ದೀಪ ಹಿಡಿಸಿದರೆ ಏನಾಗುತ್ತದೆ ಕೇಳಿ. ಮುಖ ಕಾಣುವಂತೆ ತೆಗೆದರೆ ಜ್ವಾಲೆ ಬಿಳಿ ಮಚ್ಚೆಯಾಗುತ್ತದೆ. ಜ್ವಾಲೆ ಕಾಣುವಂತೆ ತೆಗೆದರೆ ಮುಖ ಮಸಿ. ಬೆಳಕು ಕೆಳಗಿನಿಂದ ಬೀಳುವುದರಿಂದ ಮೂಗಿನ ನೆರಳು ಹಣೆಗೇರಿ ಮದುವಣಗಿತ್ತಿ ಯಕ್ಷಗಾನದ ರಾಕ್ಷಸಿಯಾಗುತ್ತಾಳೆ. ಆ ಚಿತ್ರದ ಜೀವ ಇರುವುದು ದೀಪದಲ್ಲಲ್ಲ, ಅದಕ್ಕೆ ಅಡ್ಡ ಹಿಡಿದ ಅಂಗೈಯಲ್ಲಿ. ಬೆರಳ ಸಂದಿಯಲ್ಲಿ ರಕ್ತ ಬೆಳಗಿದಂತೆ ಕೆಂಪು ಕಾಣುತ್ತದೆಯಲ್ಲ, ಅದು.

ನಾವು ಮಾಡುತ್ತಿದ್ದುದು ಹೀಗೆ: ಹಿತ್ತಾಳೆ ದೀಪಕ್ಕೆ ಬತ್ತಿಯೇ ಇಲ್ಲ. ಅಂಗೈ ಮರೆಯಲ್ಲಿ ಟಾರ್ಚಿನ ಬಲ್ಬು, ಅದರ ವೈರು ಸೀರೆಯ ನೆರಿಗೆಯೊಳಗಿಂದ ಹಿಂದಕ್ಕೆ, ಬ್ಯಾಟರಿ ಸೊಂಟದಲ್ಲಿ. ಬಲ್ಬಿಗೆ ಕಿತ್ತಳೆ ಬಣ್ಣದ ಮಿಠಾಯಿ ಕಾಗದ ಸುತ್ತುತ್ತಿದ್ದೆವು. ಜ್ವಾಲೆಯನ್ನು ಆಮೇಲೆ ಪ್ರಿಂಟಿನ ಮೇಲೆ ನಮ್ಮ ಯಜಮಾನರು ಕೂದಲೆಳೆಯ ಕುಂಚದಲ್ಲಿ ಬರೆಯುತ್ತಿದ್ದರು. ಅಂದರೆ ವರ್ಣಚಿತ್ರದ ಹಾಗೆ ಕಾಣುವ ಫೋಟೊಗೆ ಕೊನೆಗೂ ವರ್ಣಚಿತ್ರಕಾರನೇ ಬೇಕಾಯಿತು.

ಬನಶಂಕರಿ ಬಸ್ಸು
ಸ್ಟುಡಿಯೊ ಪರದೆಗಳ ಬಗ್ಗೆ ಹೇಳಿ ಸಾರ್. ನಮ್ಮ ಅಪ್ಪ ಅಮ್ಮನ ಫೋಟೊದ ಹಿಂದೆ ಯಾವುದೋ ಸರೋವರ, ಕಮಾನು. ಅವರು ಜೀವನದಲ್ಲಿ ತಿಪಟೂರು ದಾಟಿರಲಿಲ್ಲ.

ಹಳೇ ರೋಲು
ಸರೋವರ, ಕಮಾನು, ಎರಡು ಹಂಸ. ಅದೇ ಪರದೆ ಅರ್ಧ ಬೆಂಗಳೂರಿನ ಮದುವೆ ಫೋಟೊಗಳಲ್ಲಿದೆ.

ಹಂಸ ಎಂದ ಕೂಡಲೇ ನೆನಪಾಯಿತು. ಒಬ್ಬ ಹುಡುಗಿ ರವಿವರ್ಮನ ‘ಹಂಸ ದಮಯಂತಿ’ಯಂತೆಯೇ ಬೇಕು ಎಂದು ಕ್ಯಾಲೆಂಡರ್ ಹಿಡಿದು ಬಂದಳು. ಇದಂತೂ ನಿಜವಾಗಿ ರವಿವರ್ಮನದೇ, ಕುಂಚಪ್ರಿಯರು ಗಮನಿಸಬೇಕು. ಹುಡುಗಿ ಸರಿ, ಕೆಂಪು ಸೀರೆ ಸರಿ, ಹಂಸ? ತಂತಿಗೆ ಹತ್ತಿ ಸುತ್ತಿ ನಾನೇ ಮಾಡಿದೆ. ದೀಪಗಳ ಶಾಖಕ್ಕೆ ಅಂಟು ಸಡಿಲವಾಗಿ ಕೊರಳು ಮಧ್ಯದಲ್ಲಿ ಬಾಗಿತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ, ನಳನ ಸುದ್ದಿ ತಂದ ಹಂಸ ಕೊಕ್ಕರೆಯಾಯಿತು. ಆಕೆಗೆ ನಗು ತಡೆಯಲಾಗಲಿಲ್ಲ, ಆ ನಗುವಿನಲ್ಲೇ ಒತ್ತಿದೆ. ಮನೆಯವರು ಅದನ್ನೇ ದೊಡ್ಡದು ಮಾಡಿಸಿಕೊಂಡು ಹೋದರು.

ಚಿಕ್ಕಪೇಟೆ ಚೀಟಿ
ನಮ್ಮ ಅಂಗಡಿಯ ಕಥೆ. ರಾತ್ರಿ ಶಟರ್ ಅರ್ಧ ಎಳೆದು ನಾವು ನಾಲ್ವರು ಗಲ್ಲಾಪೆಟ್ಟಿಗೆ ಲೆಕ್ಕ ಮಾಡುತ್ತಿದ್ದೆವು. ಯಾರೋ ಬಗ್ಗಿ ಒಳಗೆ ಬಂದರು, ಹಿಂದಿನಿಂದ ಆಟೊ ದೀಪದ ಬೆಳಕು ಓರೆಯಾಗಿ ಗೋಡೆಗೆ ಬಿತ್ತು. ಆಗ ಹುಡುಗನೊಬ್ಬ ತೆಗೆದ ಫೋಟೊ ನೋಡಿ, ಚಿತ್ರಕಲೆ ಓದಿದ ನನ್ನ ಮಗಳು ‘ಇದು ಕರವಾಜ್ಜೊ’ ಎಂದಳು. ಶಿಷ್ಯನಾಗು ಎಂದು ಯೇಸು ಸಂತ ಮತ್ತಾಯನನ್ನು ಕರೆಯುವ ಚಿತ್ರವಂತೆ. ನನಗೆ ಅದರ ಗಂಧ ಗೊತ್ತಿಲ್ಲ. ನಾವು ನಾಲ್ವರೂ ತೆರಿಗೆಯವರು ಬಂದರು ಎಂಬಂತೆ ನೋಡುತ್ತಿದ್ದೇವೆ, ಅಷ್ಟು ಮಾತ್ರ ಖಂಡಿತ.

ಕುಂಚಪ್ರಿಯ
ನಿಮ್ಮ ಮಗಳ ಕಣ್ಣು ಚೆನ್ನಾಗಿದೆ. ಇಟಲಿಯ ಚಿತ್ರಕಾರ ಕರವಾಜ್ಜೊನ 1599–1600ರ ಚಿತ್ರ, ರೋಮ್‌ನ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಚರ್ಚಿನಲ್ಲಿದೆ. ಬಲಗಡೆಯಿಂದ ಓರೆ ಬೆಳಕು, ಮೇಜಿನ ಸುತ್ತ ನಾಣ್ಯ ಎಣಿಸುವವರು, ಬಾಗಿಲಲ್ಲಿ ಯೇಸು. ತಮಾಷೆ ಏನೆಂದರೆ ಅಲ್ಲಿ ಹಣ ಎಣಿಸುತ್ತ ಕುಳಿತಿರುವ ಮತ್ತಾಯನೇ ತೆರಿಗೆಯವನು.

ಚಿಕ್ಕಪೇಟೆ ಚೀಟಿ
ಹಾಗಾದರೆ ನಮ್ಮದು ತಿರುಗುಮುರುಗು ಕರವಾಜ್ಜೊ.

ತಕರಾರು ಖಾತೆ
ಮೂಲ ಪ್ರಶ್ನೆಗೆ ಬನ್ನಿ. ಮರುಸೃಷ್ಟಿ ಎಂದರೆ ನಕಲು. ನಕಲು ಮಾಡಿ ಬಹುಮಾನ ಕೇಳುವುದು ಯಾವ ಕಲೆ? ಶಾಲೆಯ ಛದ್ಮವೇಷದಲ್ಲಿ ಒನಕೆ ಓಬವ್ವ ಆದವಳೆಲ್ಲ ವೀರಳಾಗುತ್ತಾಳೆಯೇ?

ಕುಂಚಪ್ರಿಯ
ಬೆಂಗಳೂರಿನಲ್ಲೇ ಕುಳಿತು ಈ ಮಾತು ಹೇಳುತ್ತೀರಲ್ಲ. ಪುಷ್ಪಮಾಲಾ ಎನ್. ಅವರ ಕೆಲಸ ನೋಡಿಲ್ಲವೇ? ನಮ್ಮ ಊರಿನವರೇ. ಶಿಲ್ಪಕಲೆ ಓದಿದವರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ ದಕ್ಷಿಣ ಭಾರತದ ದೇಶಿ ಹೆಂಗಸರ ಬಗ್ಗೆ ಒಂದು ದೊಡ್ಡ ಫೋಟೊ ಸರಣಿ ಮಾಡಿದರು. ರವಿವರ್ಮನ ಲಕ್ಷ್ಮಿ, ಬೆಳದಿಂಗಳಲ್ಲಿ ಕುಳಿತ ಹೆಂಗಸು, ಬಿಜಾಪುರದ ಚಿಕಣಿ ವರ್ಣಚಿತ್ರದ ಯೋಗಿನಿ, ಎಲ್ಲದರಲ್ಲೂ ಅವರೇ ವೇಷ ಹಾಕಿ ನಿಂತಿದ್ದಾರೆ. ಲಕ್ಷ್ಮಿಯ ಫೋಟೊ ಎದುರು ನಿಂತರೆ ಕೈಮುಗಿಯಬೇಕೋ ನಗಬೇಕೋ ತಿಳಿಯುವುದಿಲ್ಲ. ದೇವರ ಮನೆಯಲ್ಲಿ ದಿನಾ ನೋಡುವ ಮುಖದ ಜಾಗದಲ್ಲಿ ಒಬ್ಬ ನಿಜವಾದ ಹೆಂಗಸು, ತೋಳು ನೋಯುತ್ತ ನಿಂತಿರುವವಳು. ನಕಲು ಎಂದು ಗೊತ್ತಾಗಲಿ ಎಂದೇ ಮಾಡಿದ ನಕಲು ಅದು. ಮುಂದೆ 2014ರಲ್ಲಿ ವಾಸ್ಕೊ ಡ ಗಾಮನ ಆಗಮನದ 1898ರ ಪೋರ್ಚುಗೀಸ್ ವರ್ಣಚಿತ್ರವನ್ನೂ ಹೀಗೆಯೇ ಕಟ್ಟಿದರು. ಅದರಲ್ಲಿ ಗಾಮ ಅವರೇ!

ಹೊರಗಿನದು ಬೇಕೆಂದರೆ ಕೆನಡಾದ ಜೆಫ್ ವಾಲ್. ಜಪಾನಿನ ಕಲಾವಿದ ಹೊಕುಸಾಯ್‌ನ ಒಂದು ಮುದ್ರಣಚಿತ್ರದಲ್ಲಿ ಗಾಳಿ ಬೀಸಿ ದಾರಿಹೋಕರ ಕಾಗದಗಳು ಹಾರುತ್ತವೆ. ಅದನ್ನು 1993ರಲ್ಲಿ ಫೋಟೊ ಮಾಡಲು ಆತ ನೂರಕ್ಕೂ ಹೆಚ್ಚು ಬಿಡಿ ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಹೊಲಿದ. ಒಂದು ಕ್ಷಣದ ಗಾಳಿಗೆ ಅಷ್ಟು ಬೆವರು.

ತಕರಾರು ಖಾತೆ
ಹೊಲಿಗೆ ಕಾಣುವಂತೆ ಹೊಲಿದರೆ ಒಪ್ಪುತ್ತೇನೆ. ಕೌದಿ ಹಾಗೆ. ಆದರೆ ಅಪಾರ್ಟ್‌ಮೆಂಟಿನವರು ಅಷ್ಟೆಲ್ಲ ಯೋಚಿಸುತ್ತಾರೆಯೇ?

ಮಲ್ಲೇಶ್ವರದ ಮಾವಿನೆಲೆ
ಯೋಚಿಸದಿದ್ದರೂ ಆಗುತ್ತದೆ. 2020ರ ಲಾಕ್‌ಡೌನಿನಲ್ಲಿ ಅಮೆರಿಕದ ಗೆಟ್ಟಿ ಮ್ಯೂಸಿಯಂನವರು ಮನೆಯಲ್ಲಿರುವ ಸಾಮಾನಿನಿಂದಲೇ ಚಿತ್ರಗಳನ್ನು ಮರುಸೃಷ್ಟಿಸಿ ಎಂದು ಕರೆ ಕೊಟ್ಟಿದ್ದರು. ನೆದರ್‌ಲೆಂಡ್ಸಿನ ಯಾರೋ ಶುರು ಮಾಡಿದ್ದನ್ನು ನೋಡಿ ಹೊಳೆದದ್ದಂತೆ. ದಿಂಬು, ಟವೆಲು, ಟಾಯ್ಲೆಟ್ ಕಾಗದ ಏನೆಲ್ಲ ಬಳಸಿದರು! ನಾವೂ ಮಾಡಿದೆವು. ನಮ್ಮ ಯಜಮಾನರಿಗೆ ರಾಗಿ ಚೀಲ ಹೊದಿಸಿ ಡಚ್ ಚಿತ್ರಕಾರ ರೆಂಬ್ರಾಂಟ್ ಮಾಡಿದೆ. ಮುಖದಲ್ಲಿ ಆ ವಿಷಾದ ತಾನಾಗಿಯೇ ಇತ್ತು.

ಸುಮ್ಮನೆ ಓದುವವನು
ದಸರಾ ಮೆರವಣಿಗೆಯ ಸ್ತಬ್ಧಚಿತ್ರ ಎಂದರೂ ಇದೇ ಅಲ್ಲವೇ? ಲಾರಿಯ ಮೇಲೆ ಕೃಷ್ಣ, ಅರ್ಜುನ ಎರಡು ಗಂಟೆ ಅಲುಗಾಡದೆ ನಿಲ್ಲುತ್ತಾರೆ. ಒಮ್ಮೆ ಅರ್ಜುನನಿಗೆ ಸೀನು ಬಂತು, ಗಾಂಡೀವ ಕೆಳಗೆ.

ಎರಡು ಬೆರಳು
ಇಷ್ಟೆಲ್ಲ ಯಾಕೆ? ಕೃತಕ ಬುದ್ಧಿಮತ್ತೆಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಬಾಳೆಎಲೆ ಸಮೇತ ‘ಕೊನೆಯ ಭೋಜನ’ ಕೊಡುತ್ತದೆ.

ಹಳೇ ರೋಲು
ಕೊಡುತ್ತದೆ, ನೋಡಿದ್ದೇನೆ. ಎಲೆಯ ತುದಿ ಬಲಕ್ಕೆ ಹಾಕುತ್ತದೆ.

ಕರಿಕೋಟು
ಹಕ್ಕುಸ್ವಾಮ್ಯದ ಮಾತನ್ನು ಯಾರೂ ಎತ್ತಲಿಲ್ಲ, ಆದ್ದರಿಂದ ನಾನು. ನಮ್ಮ 1957ರ ಕಾಯ್ದೆಯಂತೆ ವರ್ಣಚಿತ್ರದ ಹಕ್ಕು ಕಲಾವಿದ ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಇರುತ್ತದೆ. ಲಿಯೊನಾರ್ಡೊ, ರವಿವರ್ಮ ಇಬ್ಬರನ್ನೂ ಯಾರು ಬೇಕಾದರೂ ಬಳಸಬಹುದು. ಹಲ್ದಂಕರ್ ತೀರಿಕೊಂಡದ್ದು 1968ರಲ್ಲಿ, ಆದ್ದರಿಂದ ದೀಪದ ಹೆಂಗಸಿನ ಹಕ್ಕು 2028ರ ಕೊನೆಯವರೆಗೆ. ಬೆಂಗಳೂರಿನ ಹೂಮರಗಳನ್ನು ಬರೆದ ರುಮಾಲೆ ಚೆನ್ನಬಸವಯ್ಯನವರು 1988ರಲ್ಲಿ ತೀರಿಕೊಂಡರು, ಅವರದ್ದು 2048ರವರೆಗೆ. ಅಪಾರ್ಟ್‌ಮೆಂಟ್ ಸ್ಪರ್ಧೆಗೆ ಯಾರೂ ನೋಟಿಸು ಕಳಿಸುವುದಿಲ್ಲ. ಕ್ಯಾಲೆಂಡರ್ ಅಚ್ಚು ಹಾಕಿ ಮಾರಲು ಹೊರಟರೆ ಮಾತ್ರ ಕೇಳಿಕೊಂಡು ಮಾಡಿ.

ಬನಶಂಕರಿ ಬಸ್ಸು
ರುಮಾಲೆ ಎಂದಿರಿ, ಅದು ಒಳ್ಳೆಯ ಉಪಾಯ. ಕಬ್ಬನ್ ಪಾರ್ಕಿನ ಗುಲ್‌ಮೊಹರ್, ಜಕರಂಡಾ ಎಲ್ಲ ಅವರ ಚಿತ್ರಗಳಲ್ಲಿವೆ. ಅವರು ಕುಳಿತ ಜಾಗದಲ್ಲೇ ನಿಂತು ಫೋಟೊ ತೆಗೆದರೆ? ಮಾದರಿಗೆ ಸೀರೆ ಉಡಿಸುವ ಗೋಳಿಲ್ಲ.

ಹಳೇ ರೋಲು
ನಾನು ಪ್ರಯತ್ನಿಸಿದ್ದೇನೆ. ಮರ ಇದ್ದರೆ ಮುಂದೆ ಬಸ್ ತಂಗುದಾಣ ಬಂದಿದೆ, ತಂಗುದಾಣ ಇಲ್ಲದ ಕಡೆ ಮರ ಇಲ್ಲ. ಅಲ್ಲದೆ ಅವರ ಬಣ್ಣ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಅವರು ಹೂವನ್ನು ಬರೆಯುತ್ತಿರಲಿಲ್ಲ, ಮರಕ್ಕೆ ಬೆಂಕಿ ಬಿದ್ದದ್ದನ್ನು ಬರೆಯುತ್ತಿದ್ದರು.

ಕೋಲ್ಸ್ ಪಾರ್ಕ್
ನಗುವಿನ ನಡುವೆ ಒಂದು ಗಂಭೀರ ಮಾತು. ವರ್ಣಚಿತ್ರದಂತಿದೆ ಎನ್ನುವುದು ಎಲ್ಲ ಫೋಟೊಗೂ ಹೊಗಳಿಕೆಯಲ್ಲ. ಜಪಾನಿನ ಮಿನಮಾತಾದಲ್ಲಿ ಕಾರ್ಖಾನೆಯ ಪಾದರಸದಿಂದ ಹುಟ್ಟಿನಿಂದಲೇ ಅಂಗವೈಕಲ್ಯ ಹೊಂದಿದ ಮಗಳನ್ನು ತಾಯಿ ಸ್ನಾನ ಮಾಡಿಸುವ ಒಂದು ಫೋಟೊವನ್ನು ಯೂಜಿನ್ ಸ್ಮಿತ್ 1971ರಲ್ಲಿ ತೆಗೆದರು. ಮರಿಯಳ ಮಡಿಲಲ್ಲಿ ಯೇಸು ಮಲಗಿರುವ ಮೈಕೆಲೇಂಜೆಲೊನ ಶಿಲ್ಪಕ್ಕೆ ಎಲ್ಲರೂ ಅದನ್ನು ಹೋಲಿಸಿದರು. ಆ ಫೋಟೊದಿಂದ ಜಗತ್ತಿಗೆ ವಿಷಯ ಗೊತ್ತಾಯಿತು, ನಿಜ. ಆದರೆ ಮಗಳು ತೀರಿಕೊಂಡು ಎಷ್ಟೋ ವರ್ಷಗಳ ನಂತರ, ಅವಳಿಗೆ ಇನ್ನಾದರೂ ವಿಶ್ರಾಂತಿ ಸಿಗಲಿ ಎಂದು ತಂದೆತಾಯಿ ಬಯಸಿದಾಗ ಸ್ಮಿತ್ ಅವರ ಪತ್ನಿ ಐಲೀನ್ ಅದರ ಹಕ್ಕನ್ನು ಅವರಿಗೇ ಬಿಟ್ಟುಕೊಟ್ಟರು. ನೋಡುವವರಿಗೆ ಅದು ಶಿಲ್ಪ, ಅವರಿಗೆ ಮಗಳು.

ಮದುವೆಯ ಫೋಟೊಗೂ ಅದಕ್ಕೂ ಅಜಗಜಾಂತರ. ಆದರೂ ಗಾಂಧಿಬಜಾರಿನವರೇ, ಕಳಿಸುವ ಮುಂಚೆ ದೊಡ್ಡಪ್ಪನವರನ್ನು ಒಂದು ಮಾತು ಕೇಳಿಬಿಡಿ.

ಗಾಂಧಿಬಜಾರಿನವಳು
ಈ ಮಾತು ತಟ್ಟಿತು. ಕೇಳುತ್ತೇನೆ.

ಗಾಂಧಿಬಜಾರಿನವಳು (ಹನ್ನೆರಡು ದಿನಗಳ ನಂತರ)
ದೊಡ್ಡಪ್ಪನನ್ನು ಕೇಳಿದೆ. ಫೋಟೊವನ್ನು ಬಹಳ ಹೊತ್ತು ನೋಡಿ, ‘ಯೇಸುಸ್ವಾಮಿಯ ಜಾಗದಲ್ಲಿ ನನ್ನನ್ನು ಕೂರಿಸಬೇಡಮ್ಮ, ನನಗೆ ಅಷ್ಟು ತಾಳ್ಮೆ ಇಲ್ಲ’ ಎಂದರು. ಆಮೇಲೆ ಅವರೇ, ‘ಬೇಕಾದರೆ ಎಲ್ಲರನ್ನೂ ಕರೆಸು, ಸರಿಯಾಗಿ ಕೂರೋಣ’ ಎಂದರು. ಅದೇ ತಪ್ಪಾದದ್ದು.

ಭಾನುವಾರ ಮನೆಯಲ್ಲೇ ಮರುಸೃಷ್ಟಿ. ಹದಿಮೂರರಲ್ಲಿ ಒಂಬತ್ತು ಜನ ಬಂದರು, ಉಳಿದ ಜಾಗಕ್ಕೆ ಪಕ್ಕದ ಮನೆಯವರು. ಮೇಜು ಸಾಲದೆ ಇಸ್ತ್ರಿ ಹಲಗೆಯನ್ನೂ ಜೋಡಿಸಿದೆವು. ದೊಡ್ಡಪ್ಪ ಜರಿ ಶಲ್ಯ ಹೊದ್ದು, ಕೂದಲಿಗೆ ಬಣ್ಣ ಹಾಕಿಸಿಕೊಂಡು ಬಂದಿದ್ದರು. ಸೋದರಮಾವನಿಗೆ ಬೆರಳೆತ್ತಿ ಎಂದರೆ ಕ್ರಿಕೆಟ್ ಅಂಪೈರಿನಂತೆ ಎತ್ತುತ್ತಾರೆ. ಗಾಬರಿಯಾದ ಹಾಗೆ ನೋಡಿ ಎಂದರೆ ಅತ್ತೆ ಹಲ್ಲು ಬಿಡುತ್ತಾರೆ. ಅರವತ್ತು ಫೋಟೊ ತೆಗೆದೆ, ಅರವತ್ತರಲ್ಲೂ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಕುಂಚಪ್ರಿಯರು ಹೇಳಿದ ಹಾಗೆ ಕಥೆ ಸತ್ತಿತು.

ಕೊನೆಗೆ ದೊಡ್ಡಪ್ಪನ ಒಪ್ಪಿಗೆ ಪಡೆದು ಮದುವೆಯ ಫೋಟೊವನ್ನೇ ಕಳಿಸಿದೆ. ಅರ್ಜಿಯಲ್ಲಿ ‘ಮರುಸೃಷ್ಟಿಯಲ್ಲ, ತಾನಾಗಿ ಆದದ್ದು’ ಎಂದೇ ಬರೆದೆ. ಶೀರ್ಷಿಕೆ: ‘ಹೋಳಿಗೆ ಮುಗಿಯಿತು’.

ಹಳೇ ರೋಲು
ಅಂಥವರನ್ನು ಕೂರಿಸುವಾಗ ಕ್ಯಾಮೆರಾ ಇನ್ನೂ ಸಿದ್ಧವಾಗಿಲ್ಲ ಎಂದು ಹೇಳಬೇಕು ತಾಯಿ. ಮೂವತ್ತು ವರ್ಷ ಅದೇ ಸುಳ್ಳಿನಲ್ಲಿ ಅನ್ನ ತಿಂದೆ.

ಬನಶಂಕರಿ ಬಸ್ಸು
ಫಲಿತಾಂಶ?

ಗಾಂಧಿಬಜಾರಿನವಳು
ನಿಯಮಕ್ಕೆ ಹೊಂದುವುದಿಲ್ಲ ಎಂದು ಪಕ್ಕಕ್ಕಿಟ್ಟರು. ಬೇಸರವಿಲ್ಲ, ಏಕೆಂದರೆ ಮೊದಲ ಬಹುಮಾನ ನಿಜಕ್ಕೂ ಚೆನ್ನಾಗಿತ್ತು. ಮೂರನೆಯ ಮಹಡಿಯ ಹುಡುಗಿ, ಒಂಬತ್ತು ವರ್ಷ. ತಲೆಗೆ ನೀಲಿ ಸ್ನಾನದ ಟವೆಲು, ಹಿಂದೆ ಹಳದಿ ದುಪಟ್ಟಾ ಇಳಿಬಿಟ್ಟಿದ್ದಾಳೆ, ಭುಜದ ಮೇಲಿಂದ ತಿರುಗಿ ನೋಡುತ್ತಿದ್ದಾಳೆ. ಕಿವಿಯಲ್ಲಿ ಮುತ್ತಿನ ಬದಲು ಒಂದು ಕಡಲೆಕಾಯಿ! ‘ಕಡಲೆಕಾಯಿ ಓಲೆಯ ಹುಡುಗಿ’. ಬಸವನಗುಡಿ ಪರಿಷೆಯ ಕಾಯಿಯನ್ನೇ ತರಬೇಕೆಂದು ಹಟ ಮಾಡಿದ್ದಳಂತೆ, ಪರಿಷೆಗೆ ಇನ್ನೂ ದಿನವಿದೆ ಎಂದು ಅಮ್ಮ ಅಂಗಡಿಯಿಂದ ತಂದುಕೊಟ್ಟಿದ್ದಾರೆ.

ಕುಂಚಪ್ರಿಯ
ಬಹಳ ಸರಿಯಾದ ಬಹುಮಾನ. ಡಚ್ ಚಿತ್ರಕಾರ ವರ್ಮೀರ್ ಸುಮಾರು 1665ರಲ್ಲಿ ಬರೆದ ‘ಮುತ್ತಿನ ಓಲೆಯ ಹುಡುಗಿ’ಯ ಆ ಮುತ್ತು ಹತ್ತಿರದಿಂದ ನೋಡಿದರೆ ಬಣ್ಣದ ಕೆಲವೇ ಹನಿಗಳು. ಕಿವಿಗೆ ಸಿಕ್ಕಿಸುವ ಕೊಕ್ಕೆಯನ್ನು ಕೂಡ ಬರೆದಿಲ್ಲ, ಸುಮ್ಮನೆ ತೇಲುತ್ತದೆ. ಈ ಹುಡುಗಿ ಕಡಲೆಕಾಯಿಯನ್ನು ಹೇಗೆ ನಿಲ್ಲಿಸಿದಳು?

ಗಾಂಧಿಬಜಾರಿನವಳು
ಸಿಪ್ಪೆಯ ತುದಿ ಒಡೆದು ಕಿವಿಯ ತುದಿಗೆ ಕಚ್ಚಿಸಿಕೊಂಡಿದ್ದಳು. ಫೋಟೊ ಮುಗಿದ ಕೂಡಲೇ ತಿಂದಳಂತೆ.

ತಕರಾರು ಖಾತೆ
ಇದನ್ನು ನಕಲು ಎನ್ನಲಾರೆ. ಸಂತೋಷವೇ?

ಸುಮ್ಮನೆ ಓದುವವನು
ಎಲ್ಲ ಸರಿ. ಅಂದು ಮಂಟಪದಲ್ಲಿ ಕೊನೆಯ ಹೋಳಿಗೆ ಯಾರ ಪಾಲಾಯಿತು?

ಗಾಂಧಿಬಜಾರಿನವಳು
ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಭಾನುವಾರ ಎಲ್ಲರೂ ಸೇರಿದ್ದಾಗ ಚಿಕ್ಕಮ್ಮನ ಬಾಯಿಂದ ಹೊರಬಿತ್ತು. ಮದುವೆಯ ದಿನ ಸಂಜೆ ಮನೆಗೆ ಹೋಗಿ ಹಳದಿ ಚೀಲ ಬಿಚ್ಚಿದರೆ ಬಾಳೆಎಲೆಯ ತುಂಡಿನಲ್ಲಿ ಸುತ್ತಿದ ಆರು ಹೋಳಿಗೆ, ಇನ್ನೂ ಬೆಚ್ಚಗಿದ್ದವಂತೆ.